ಹೊಳಲ್ಕೆರೆ ದಾಟಿದ ಮೇಲಿನ ಸ್ಟಾಪು

ನಮ್ಮಪ್ಪನ ಪ್ರಾರ್ಥನೆ ಹಿರಿಯೂರು ಬಸ್ ಸ್ಟ್ಯಾಂಡಿನಿಂದ ಹೊರಡುತ್ತೆ. ತಮಾಷೆಗೆ ಹೇಳ್ತಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆದ ಜೀವ ಅದು. ಹಿರಿಯೂರು, ಐಮಂಗಲ, ದುರ್ಗ, ಹೊಳಲ್ಕೆರೆ, ಹೊಸದುರ್ಗ, ಇದು ಅವನ ರೂಟು. ರಿಟೈರಾದ ಮೇಲೆ ದುರ್ಗದ ನಮ್ಮ ಸಣ್ಣ ಚರ್ಚಿನಲ್ಲಿ ಅವನನ್ನು ಸಭೆಯ ಹಿರಿಯನನ್ನಾಗಿ ಮಾಡಿದರು. ಭಾನುವಾರದ ಆರಾಧನೆಯಲ್ಲಿ ಲೋಕದ ಜನಕ್ಕೋಸ್ಕರ ಬೇಡಿಕೊಳ್ಳುವ ಪ್ರಾರ್ಥನೆ ಒಂದಿರುತ್ತೆ, ಅದನ್ನು ಅವನಿಗೆ ಒಪ್ಪಿಸಿದರು. ಬೇರೆ ಹಿರಿಯರಾದರೆ ದೇಶ, ರಾಜ್ಯ, ಕಾಯಿಲೆಯವರು, ದಿಕ್ಕಿಲ್ಲದವರು ಅಂತ ಐದು ನಿಮಿಷದಲ್ಲಿ ಮುಗಿಸ್ತಾರೆ. ಅಪ್ಪ ಕಣ್ಣು ಮುಚ್ಚಿದರೆ ಬಸ್ಸು ಹೊರಟಿತು ಅಂತಲೇ ಲೆಕ್ಕ. ಒಂದೊಂದು ಸ್ಟಾಪೂ ಬರಬೇಕು, ಒಂದೊಂದು ಸ್ಟಾಪಿನ ಜನಕ್ಕೂ ಅನ್ನ, ನೀರು, ಆರೋಗ್ಯ ಸಿಗಬೇಕು. ಹಿಂದಿನ ಬೆಂಚಿನ ಮಕ್ಕಳು ಅವನ ಜೊತೆ ಪಿಸುಗುಟ್ಟಿಕೊಂಡು ಊರು ಹೇಳ್ತಾರೆ. ನಮ್ಮ ಚರ್ಚಿನ ಮಕ್ಕಳಿಗೆ ಜಿಲ್ಲೆಯ ಭೂಗೋಳ ಬರೋದು ಹಾಗೆ.

ಒಂದು ಸಲ ಸಭೆಯ ಕಮಿಟಿಯವರೊಬ್ಬರು ತಕರಾರು ಎತ್ತಿದರು. ಅಪ್ಪ ಹಾಲುರಾಮೇಶ್ವರಕ್ಕೆ ಹೋಗುವ ಯಾತ್ರಿಕರಿಗೂ ಪ್ರಾರ್ಥನೆ ಮಾಡ್ತಾನೆ, ಅದು ದೇವಸ್ಥಾನ ಅಲ್ಲವಾ ಅಂತ. ಅಪ್ಪ ಅವರ ಮುಖ ನೋಡಿ, "ಇಳಿಯೋರು ಜನ ತಾನೆ ಸಾರ್" ಅಂದ. ಅಲ್ಲಿಗೆ ಆ ಮಾತು ಮುಗೀತು.

ಇನ್ನೊಂದು ಅಭ್ಯಾಸ ಅವನಿಗೆ. ಆರಾಧನೆ ಶುರುವಾಗುವ ಮುಂಚೆ ಹಿಂದಿನ ಬೆಂಚಿನಿಂದ ಮುಂದಿನವರೆಗೆ ತಲೆ ಎಣಿಸ್ತಾನೆ. ಬೆರಳು ತೋರಿಸಲ್ಲ, ಗದ್ದ ಅಲ್ಲಾಡಿಸ್ತಾನೆ. ಎಣಿಸಿ ಮುಗಿದ ಮೇಲೆ ಸಭಾಪಾಲಕರ ಕಡೆ ತಿರುಗಿ ತಲೆಯಾಡಿಸ್ತಾನೆ, ಹೊರಡಬಹುದು ಅನ್ನೋ ಹಾಗೆ. ಈಗಿನ ಪಾಸ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅಪ್ಪ ತಲೆಯಾಡಿಸೋತನಕ ಕಾಯ್ತಾರೆ.

ಆ ಪ್ರಾರ್ಥನೆಯಲ್ಲಿ ಒಂದು ಜಾಗ ಇತ್ತು. ಹೊಳಲ್ಕೆರೆ ದಾಟಿದ ಮೇಲೆ, ಹೊಸದುರ್ಗ ಬರುವ ಮುಂಚೆ, ಅಪ್ಪನ ದನಿ ನಿಂತುಬಿಡೋದು. ಒಂದು ಉಸಿರು, ಎರಡು ಉಸಿರು. ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದಿನ ಊರು ಹಿಡಿಯೋನು. ವಯಸ್ಸಾಯ್ತಲ್ಲ, ಬಾಯಿ ಒಣಗುತ್ತೆ ಅಂದ್ಕೊಂಡು ನಾನು ಒಂದು ಬಾಟಲಿ ನೀರು ಇಡೋಕೆ ಶುರುಮಾಡಿದ್ದೆ. ಅವನು ಅದನ್ನು ಒಂದು ದಿನವೂ ಮುಟ್ಟಲಿಲ್ಲ.

ಇನ್ನು ನನ್ನ ವಿಷಯ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ದಿನಾ ದುರ್ಗದಿಂದ ಬಸ್ಸಿನಲ್ಲಿ ಹೋಗಿ ಬರ್ತೀನಿ. ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಮಕ್ಕಳೂ ಹೇಳ್ತಾರೆ, ಮನೆಯವರೂ ಹೇಳ್ತಾರೆ, ಸುಳ್ಳಲ್ಲ. ದೇವರ ವಿಷಯದಲ್ಲಿ ನಾನು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನೋ ಜಾತಿ. ಚರ್ಚು ಬಿಡೋಕೂ ಮನಸ್ಸಿಲ್ಲ, 'ನಂಬುತ್ತೇನೆ' ಅಂತ ಎಲ್ಲರ ಜೊತೆ ನಿಂತು ಹೇಳುವಾಗ ನಾಲಿಗೆಗೆ ಜೋರೂ ಇಲ್ಲ. ಆಮೆನ್ ಅನ್ನೋದನ್ನ ತುಟಿಯಲ್ಲೇ ಅಂದು ಮುಗಿಸ್ತಿದ್ದೆ.

ಹತ್ತು ವರ್ಷದವಳಿದ್ದಾಗ ಅಪ್ಪನ ಬಸ್ಸಿನಲ್ಲೇ ಹಿರಿಯೂರಿಗೆ ಹೋಗುವಾಗ ಕೇಳಿದ್ದೆ: ಚಂದ್ರನ ಆಚೆ ಎಲ್ಲಾದರೂ ಜನ ಇದ್ದರೆ ಅವರಿಗೂ ಯೇಸುಸ್ವಾಮಿ ಗೊತ್ತಾ ಅಂತ. ಐಮಂಗಲ ಬಂದಿತ್ತು, ಜನ ನುಗ್ಗುತ್ತಿದ್ದರು. "ಇಲ್ಲದ ಉಸಾಬರಿ ನಿಂಗ್ಯಾಕೆ, ಸುಮ್ನೆ ಕುಂತ್ಕ" ಅಂದ ಅಪ್ಪ. ಸುಮ್ಮನೆ ಕುಂತೆ. ಕುಂತವಳು ನಲವತ್ತು ವರ್ಷ ಎದ್ದಿರಲಿಲ್ಲ ಅಂತ ಈಗ ಗೊತ್ತಾಗುತ್ತೆ.

ಹೋದ ವರ್ಷ ನನ್ನ ಮಗಳಿಗೆ ಹದಿನಾರು. ನಮ್ಮಲ್ಲಿ ಆ ವಯಸ್ಸಿಗೆ ಕನ್ಫರ್ಮೇಶನ್ ಮಾಡ್ತಾರೆ. ಕೂಸಾಗಿದ್ದಾಗ ತಂದೆತಾಯಿ ನಿಮ್ಮ ಪರವಾಗಿ ಒಪ್ಪಿಕೊಂಡಿದ್ದರು, ಈಗ ನಿಮ್ಮ ಬಾಯಿಂದ ನೀವೇ ಹೇಳಿ ಅಂತ ಬಿಷಪ್ಪರು ಕೇಳ್ತಾರೆ, 'ನಂಬುತ್ತೇನೆ' ಅಂದವರ ತಲೆ ಮೇಲೆ ಕೈ ಇಡ್ತಾರೆ. ಅವತ್ತೇ ಮೊದಲ ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಬಿಷಪ್ಪರು ನಮ್ಮಂಥ ಸಣ್ಣ ಸಭೆಗೆ ಬರೋದು ಎರಡು ಮೂರು ವರ್ಷಕ್ಕೊಮ್ಮೆ. ಅಪ್ಪನಿಗೆ ಎಂಬತ್ತೊಂದು, ಕಣ್ಣು ಮಂಜು, ಎದೆ ನೋವು ಬಂದು ದಾವಣಗೆರೆ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದ. ಅವನು ಏನನ್ನೂ ಬೇಕು ಅಂದವನಲ್ಲ. ಆ ವರ್ಷ ಮಾತ್ರ, "ಕೂಸು ನನ್ನ ಪಕ್ಕ ಮೊಣಕಾಲೂರಿ ಒಂದ್ಸಲ ರೊಟ್ಟಿ ತಗಂಡ್ರೆ ಸಾಕವ್ವ" ಅಂತ ನನ್ನ ಹತ್ತಿರ ಹೇಳಿದ. ಮುಂದಿನ ಸಲಕ್ಕೆ ಅವನು ಇರ್ತಾನೋ ಇಲ್ವೋ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಮಗಳು ನಾಲ್ಕು ತಿಂಗಳು ಪಾಸ್ಟರ ಕ್ಲಾಸಿಗೆ ಹೋದಳು. ಬಿಷಪ್ಪರು ಬರೋಕೆ ಎರಡು ವಾರ ಇದೆ ಅನ್ನುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು, "ನಾನು ಮಾಡಿಸ್ಕೊಳ್ಳಲ್ಲ" ಅಂದಳು.

ಮಾಡಿದ್ದುಣ್ಣೋ ಮಹರಾಯ. ಕಿಡಿ ಹಚ್ಚಿದವಳು ನಾನೇ. ಬೇರೆ ನಕ್ಷತ್ರಗಳ ಸುತ್ತ ಸಾವಿರಗಟ್ಟಲೆ ಗ್ರಹಗಳನ್ನು ಕಂಡುಹಿಡಿದಿದ್ದಾರೆ, ಕೆಲವು ಭೂಮಿಯಷ್ಟೇ ಇರಬಹುದು, ಜೀವ ಇದೆಯಾ ಅಂತ ಹುಡುಕ್ತಿದ್ದಾರೆ ಅಂತ ಊಟದ ತಟ್ಟೆ ಮುಂದೆ ಕೂತು ಅವಳಿಗೆ ಕಣ್ಣರಳಿಸಿ ಹೇಳಿದ್ದೆ. ಅವಳು ಅದನ್ನು ಗಂಟು ಕಟ್ಟಿಟ್ಟುಕೊಂಡಿದ್ದಳು.

"ಅಲ್ಲೂ ನಮ್ಮಂಗೆ ಯೋಚನೆ ಮಾಡೋರು, ತಪ್ಪು ಮಾಡೋರು, ಅಳೋರು ಇದ್ರೆ?" ಅಂದಳು. "ಯೇಸು ಬಂದದ್ದು ಒಂದೇ ಸಲ, ಬೆತ್ಲೆಹೇಮಿಗೆ. ಹಂಗಾದ್ರೆ ಅವರ ಗತಿ? ಅವರನ್ನ ಬಿಟ್ಟಿದ್ರೆ ಅಂಥ ದೇವರನ್ನ ನಂಬ್ತೀನಿ ಅಂತ ನಾನು ಹೆಂಗೆ ಹೇಳ್ಲಿ. ಅಲ್ಲೆಲ್ಲಾ ಹೋಗಿದ್ರೆ, ಇಷ್ಟು ಲೋಕದಲ್ಲಿ ನಾವು ಯಾವ ಲೆಕ್ಕ."

"ಪಾಸ್ಟರನ್ನ ಕೇಳಿದ್ಯಾ?"

ಕೇಳಿದ್ದಳು. ತನಗೆ ಬೇರೆ ಹಟ್ಟಿಯ ಕುರಿಗಳೂ ಇವೆ ಅಂತ ಸ್ವಾಮಿ ಹೇಳಿದ್ದನ್ನು ಅವರು ನೆನಪು ಮಾಡಿದರಂತೆ. ಅದು ಯೆಹೂದ್ಯರಲ್ಲದ ಜನಕ್ಕೆ ಹೇಳಿದ್ದು ಅಂತ ಹೋದ ವಾರ ನೀವೇ ಪಾಠ ಮಾಡಿದಿರಲ್ಲ ಅಂದಳಂತೆ ಇವಳು. ಪಾಸ್ಟರು ನಕ್ಕು, ಹೌದಮ್ಮ, ನನಗೆ ಗೊತ್ತಿಲ್ಲ ಅಂದುಬಿಟ್ಟರಂತೆ. ಅವರ ಪ್ರಾಮಾಣಿಕತೆಗೆ ನನಗೆ ಮೈ ಉರೀತು. ಗೊತ್ತಿಲ್ಲದಿದ್ದರೆ ಏನಾದರೂ ಹೇಳಿ ಸಾಗಹಾಕಬಾರದಾ ಮಹಾನುಭಾವ.

ಮಗಳಿಗೆ ಬಾಯಿಗೆ ಬಂದಂತೆ ಬೈದೆ. ತಾತನ ಎದೆ ಒಡೆಯೋಕೆ ಹುಟ್ಟಿದೀಯ ಅಂದೆ. ಆಕಾಶದಲ್ಲಿ ಇರೋರಿಗೋಸ್ಕರ ಮನೇಲಿ ಇರೋರನ್ನ ಕೊಲ್ತೀಯ ಅಂದೆ. ಅವಳು ಅಳಲಿಲ್ಲ, ಕದಲಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ, ಸುಳ್ಳು. ನನ್ನನ್ನು ಅಪ್ಪ ಒಂದೇ ಮಾತಿಗೆ ಕೂರಿಸಿದ್ದ. ಇವಳು ನಿಂತೇ ಇದ್ದಳು. ಆ ಸಿಟ್ಟಿನಲ್ಲಿಯೂ ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು, ಒಪ್ಕೊಳ್ತೀನಿ.

ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಎಲ್ಲಾ ಕೇಳಿಸಿಕೊಂಡಿದ್ದ. ನಾನು ಸುಸ್ತಾಗಿ ಸುಮ್ಮನಾದ ಮೇಲೆ ಕರೆದು, "ಶನಿವಾರ ನಿಂಗೆ ಅರ್ಧ ದಿನ ಅಲ್ವಾ? ನಾನೂ ಕೂಸೂ ಮಧ್ಯಾಹ್ನ ಹೊಳಲ್ಕೆರೆಗೆ ಬರ್ತೀವಿ. ಅಲ್ಲಿಂದ ಮೂವರೂ ಮುಂದಕ್ಕೆ ಹೋಗಾಣ" ಅಂದ.

"ಎಲ್ಲಿಗಪ್ಪ? ಡಾಕ್ಟ್ರು ಓಡಾಡಬೇಡಿ ಅಂದಿಲ್ವಾ?"

"ಬಸ್ಸಲ್ಲಿ ಕೂತ್ರೆ ಓಡಾಟ ಹೆಂಗಾಗ್ತೈತೆ. ಓಡೋದು ಬಸ್ಸು."

ಶನಿವಾರ ಸ್ಕೂಲು ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದರೆ ಇಬ್ಬರೂ ಕಡ್ಲೆಕಾಯಿ ತಿಂತಾ ಕೂತಿದ್ದಾರೆ. ಹೊಸದುರ್ಗದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಈ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಯಾರೋ ಅಪ್ಪನಿಗೆ ಸೀಟು ಬಿಟ್ಟುಕೊಟ್ಟರು. ಕೂತವನು ಕಣ್ಣು ಸರಿಯಾಗಿ ಕಾಣದಿದ್ದರೂ ತಿರುವು ತಿರುವಿಗೆ ಊರು ಹೇಳ್ತಾ ಬಂದ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗ್ತಿದ್ದವು. ಒಂದು ಕಡೆ, ಕಂಡಕ್ಟರ್ ಹುಡುಗನ ತೋಳು ಮುಟ್ಟಿ, "ಮುಂದಿನ ಕ್ರಾಸಿನಾಗೆ ಹೋಲ್ಡಾನ್ ಅನ್ನಪ್ಪ" ಅಂದ.

ಹುಡುಗ ಕೂಗಿದ, ಬಸ್ಸು ನಿಂತಿತು, ಇಳಿದೆವು. ಬೋರ್ಡಿಲ್ಲದ ಕ್ರಾಸು. ಟಾರು ರಸ್ತೆಯಿಂದ ಒಂದು ಮಣ್ಣಿನ ದಾರಿ ಒಳಕ್ಕೆ ಹೋಗಿ ಅಲ್ಲೇ ಮೂರಾಗಿ ಒಡೆದಿತ್ತು. ಒಂದು ಹುಣಸೆ ಮರ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅಪ್ಪ ಕೋಲಿನಿಂದ ತಡವಿ ಕಲ್ಲು ಹುಡುಕಿ ಕೂತ. ಮಗಳು ಅವನ ಕಾಲ ಬಳಿ ನೆಲದ ಮೇಲೆ ಕೂತಳು. ನಾನು ನಿಂತೇ ಇದ್ದೆ, ಸೀರೆ ಕೊಳೆ ಆಗುತ್ತೆ ಅಂತ.

"ಶ್ರಾವಣ ಸೋಮವಾರ ಅವತ್ತು" ಅಂತ ಶುರುಮಾಡಿದ ಅಪ್ಪ. "ಹಾಲುರಾಮೇಶ್ವರದ ಜನ. ಟಾಪಿನ ಮೇಲೂ ಕುಂತಿದ್ರು. ಇಲ್ಲಿ ಒಬ್ಬಾಕೆ ನಿಂತಿದ್ಲು. ಹೆಗಲ ಮ್ಯಾಲೆ ಮಗು, ಕಂಬಳಿ ಸುತ್ತಿತ್ತು. ಕೈ ಎತ್ತಿದ್ಲು. ಡ್ರೈವರ್ರು ಸ್ಲೋ ಮಾಡಿದ. ನಾನು ಫುಟ್‌ಬೋರ್ಡಿನಾಗೆ ಜೋತಾಡ್ತಿದ್ದೆ. 'ಹಿಂದೆ ಬಸ್ ಬರ್ತೈತೆ, ಅದಕ್ಕೆ ಬಾರವ್ವ' ಅಂದು ಎರಡು ಸೀಟಿ ಊದಿದೆ."

ಎರಡು ಸೀಟಿ ಅಂದರೆ ರೈಟ್, ಹೊರಡು ಅಂತ. ಅದು ಮಗಳಿಗೂ ಗೊತ್ತು.

"ಹೊಸದುರ್ಗಕ್ಕೆ ಹೋದ ಮ್ಯಾಲೆ ಗೊತ್ತಾತು. ಹಿಂದಿನ ಬಸ್ಸು ದುರ್ಗದಲ್ಲೇ ಕೆಟ್ಟು ನಿಂತಿತ್ತು. ಬರಲೇ ಇಲ್ಲ. ಸಂಜೆ ಟ್ರಿಪ್ಪಿನಾಗೆ ಇಲ್ಲಿ ಇಳಿದು ನೋಡ್ದೆ, ಯಾರೂ ಇರ್ಲಿಲ್ಲ. ವಾರದ ರಜಾದಾಗೆ ಬಂದು ಒಳಗೆ ನಡ್ಕಂಡು ಹೋದೆ. ಮೂರು ದಾರಿ ಅವೆ, ನೋಡು. ಎರಡು ಊರಾಗೆ ಕೇಳ್ದೆ. ಅಂಥ ಹೆಂಗಸು ಯಾರೂ ಗೊತ್ತಿಲ್ಲ ಅಂದ್ರು. ಮಗೂಗೆ ಜ್ವರ ಇತ್ತೋ, ಸುಮ್ನೆ ತವರಿಗೆ ಹೊಂಟಿದ್ಲೋ, ಅದೂ ತಿಳೀದು."

ಐವತ್ತು ವರ್ಷದ ನನ್ನ ಬಾಳಿನಲ್ಲಿ ಅಪ್ಪ ಈ ಕಥೆ ಹೇಳಿರಲಿಲ್ಲ. ಅಮ್ಮನಿಗೆ ಹೇಳಿದ್ದನೋ ಏನೋ, ಅವಳಂತೂ ಈಗಿಲ್ಲ.

"ಅದಕ್ಕೇನಾ ತಾತ, ಪ್ರಾರ್ಥನೇಲಿ ಹೊಳಲ್ಕೆರೆ ಆದ್ಮೇಲೆ ನಿಲ್ಲೋದು?" ಅಂತ ಮಗಳು ಕೇಳಿದಳು. ನಾನು ನೀರು ಇಟ್ಟಿದ್ದೆ. ಅವಳು ಲೆಕ್ಕ ಇಟ್ಟಿದ್ದಳು.

"ಬಾಯಿಗೆ ಬರಲ್ಲ ಕೂಸೇ. ಈ ಸ್ಟಾಪಿಗೂ ಹೆಸರಿಲ್ಲ, ಆಕೆ ಹೆಸರೂ ಗೊತ್ತಿಲ್ಲ. ದೇವರ ಮುಂದೆ ಏನಂತ ಕೂಗ್ಲಿ?" ಕೋಲಿನಿಂದ ನೆಲದ ಮೇಲೆ ಗೀರು ಎಳೆದ. "ನಿನ್ನ ನಕ್ಷತ್ರದೋರ ವಿಷಯ ನಂಗೆ ತಿಳೀದು. ನಿಮ್ಮಮ್ಮ ಸಣ್ಣೋಳಿದ್ದಾಗ ಕೇಳಿದ್ಲು, ಗದರಿಸಿ ಕುಂಡ್ರಿಸಿದೆ. ತಪ್ಪು ಮಾಡ್ದೆ. ಬಸ್ಸು ಹೋಗಲ್ಲ ಅಂತ ಆ ಊರಾಗೆ ಜನಾನೇ ಇಲ್ಲ ಅನ್ನಂಗಿಲ್ಲ. ಕೈ ಎತ್ತಿದೋರನ್ನ ಬಿಟ್ಟು ಹೋದೋನು ನಾನು. ದೇವರು ನನ್ನಂಥ ಕಂಡಕ್ಟರ್ ಅಲ್ಲ ಅಂತ ನಂಬ್ಕಂಡಿದೀನಿ. ನಂದು ಅಷ್ಟೇ ನಂಬಿಕೆ. ನಿಂಗೆ ಸಾಕಾಗದಿದ್ರೆ ಬ್ಯಾಡ. ನನಗೋಸ್ಕರ ಸುಳ್ಳು ಹೇಳಬ್ಯಾಡ."

ಆಗ ನಾನೂ ಕೂತೆ. ಸೀರೆ ಹಾಳಾಗಿ ಹೋಗಲಿ. ಮುಂದಿನ ಬಸ್ಸು ಬರೋತನಕ ಮೂವರೂ ಆ ಕಲ್ಲಿನ ಬಳಿ ಕೂತಿದ್ದು, ಕಡ್ಲೆಕಾಯಿ ಮುಗಿಸಿ ದುರ್ಗಕ್ಕೆ ವಾಪಸ್ ಬಂದೆವು.

ಬಿಷಪ್ಪರ ಭಾನುವಾರ ಬಂತು. ಮಗಳು ಬಿಳಿ ಚೂಡಿದಾರ್ ಹಾಕಿಕೊಂಡಳು. ಇನ್ನೇನು, ದಾರಿಗೆ ಬಂದಳು ಅಂದ್ಕೊಂಡೆ. ಚರ್ಚಿನ ಮೆಟ್ಟಿಲ ಬಳಿ ಪಾಸ್ಟರಿಗೆ, "ನಾನು ಹೊರಗಿರ್ತೀನಿ. ಬರೋಕಾದ್ರೆ ಬರ್ತೀನಿ" ಅಂದು ಬೇವಿನ ಮರದ ಕೆಳಗೆ ಹೋಗಿ ನಿಂತಳು. ನನ್ನ ಕೈ ಅವಳ ಕೆನ್ನೆಗೆ ಹೋಗೋದರಲ್ಲಿತ್ತು. ಪಾಸ್ಟರು ಅಡ್ಡ ನಿಂತು, "ಒಳಗೆ ನಡೀರಿ ಟೀಚರೇ" ಅಂದರು.

ಅಪ್ಪ ಮೂರನೇ ಬೆಂಚಿನ ತುದಿಯಲ್ಲಿ ಕೂತಿದ್ದ. ಗದ್ದ ಅಲ್ಲಾಡಿಸಿ ತಲೆ ಎಣಿಸಿದ. ಮುಂದೆ ಏಳು ದಿಂಬು ಸಾಲಾಗಿ ಇಟ್ಟಿದ್ದರು. ಆರು ಜನ ಬಂದು ಮೊಣಕಾಲೂರಿದರು. ಬಿಷಪ್ಪರು ಪ್ರಶ್ನೆ ಕೇಳಿದರು, ಆರು ಗಂಟಲು ಒಟ್ಟಿಗೆ 'ನಂಬುತ್ತೇನೆ' ಅಂದವು. ಒಬ್ಬೊಬ್ಬರ ತಲೆ ಮೇಲೂ ಕೈ ಇಟ್ಟು ಪ್ರಾರ್ಥನೆ ಮಾಡ್ತಾ ಬಂದರು. ಏಳನೇ ದಿಂಬು ಖಾಲಿ. ಪಾಸ್ಟರು ಅವರ ಕಿವಿಯಲ್ಲಿ ಏನೋ ಹೇಳಿದರು, ಬಿಷಪ್ಪರು ತಲೆಯಾಡಿಸಿ ಮುಕ್ತಾಯದ ಪ್ರಾರ್ಥನೆಗೆ ಪುಸ್ತಕದ ಹಾಳೆ ತಿರುವಿದರು.

"ಹೋಲ್ಡಾನ್."

ಮೂರನೇ ಬೆಂಚಿನಿಂದ ಬಂತು. ಕಿರುಚಿದ್ದಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಡ್ರೈವರಿಗೆ ಕೇಳಿಸುವಷ್ಟು, ಅಷ್ಟೇ. ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಪ್ಪ ಮುಂದಿನ ಬೆಂಚು ಹಿಡಿದು ಎದ್ದು ನಿಂತಿದ್ದ. ತಾನು ಏನು ಅಂದೆ ಅನ್ನೋದು ಅವನಿಗೂ ಆಗಲೇ ಗೊತ್ತಾಗಿದ್ದು, ಮುಖ ಕೆಂಪಾಗಿತ್ತು. ಆದರೂ ಕೂರಲಿಲ್ಲ.

"ಏನಾಯ್ತು ಹಿರಿಯರೇ?" ಅಂದರು ಬಿಷಪ್ಪರು.

"ಒಂದು ತಲೆ ಕಮ್ಮಿ ಐತೆ ಸ್ವಾಮಿ. ಹೊರಗವ್ಳೆ. ಬರೋದು ಬಿಡೋದು ಆಕೆ ಇಷ್ಟ. ಆದ್ರೆ ಕಾಯದೆ ಹೊರಡಬ್ಯಾಡ್ರಿ."

ಬಿಷಪ್ಪರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ತಮ್ಮ ಕುರ್ಚಿಯಲ್ಲಿ ಹೋಗಿ ಕೂತರು. ಇಡೀ ಚರ್ಚು ಕಾಯ್ತು. ಫ್ಯಾನಿನ ಸದ್ದು, ಹೊರಗೆ ರಸ್ತೆಯಲ್ಲಿ ಗಾಡಿಗಳ ಸದ್ದು. ಎಷ್ಟು ಹೊತ್ತು ಅಂತ ಕೇಳಬೇಡಿ, ವಿಜ್ಞಾನದ ಟೀಚರಾದರೂ ನನಗೆ ಗೊತ್ತಿಲ್ಲ. ಅಪ್ಪನ ಕಾಲು ನಡುಗ್ತಿತ್ತು. ಹಿಡಿದು ಕೂರಿಸೋಕೆ ಹೋದೆ, ನನ್ನ ಕೈ ಕೊಡವಿದ.

ಬಾಗಿಲಲ್ಲಿ ಬಿಳಿ ಬಟ್ಟೆ ಕಂಡಿತು. ತೆರೆದ ಬಾಗಿಲು, ಅವಳಿಗೆ ಎಲ್ಲಾ ಕೇಳಿಸಿತ್ತು. ಮಧ್ಯದ ದಾರಿಯಲ್ಲಿ ನಡೆದು ಬಂದು ತಾತನ ಹತ್ತಿರ ನಿಂತಳು.

"ತಾತ, ನಂಗಿನ್ನೂ ಗೊತ್ತಾಗಿಲ್ಲ."

"ನಂಗೂ ಗೊತ್ತಾಗಿಲ್ಲ ಕಣವ್ವ."

ಅವಳು ಅವನ ನಡುಗುವ ಕಾಲು ನೋಡಿದಳು. ಹೋಗಿ ಏಳನೇ ದಿಂಬಿನ ಮೇಲೆ ಮೊಣಕಾಲೂರಿದಳು. ಬಿಷಪ್ಪರು ಪ್ರಶ್ನೆಯನ್ನು ಅವಳೊಬ್ಬಳಿಗೋಸ್ಕರ ಮತ್ತೆ ಮೊದಲಿಂದ ಕೇಳಿದರು. ಅವಳು 'ನಂಬುತ್ತೇನೆ' ಅಂದದ್ದು ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳಿಸಿತು. ತಲೆ ಮೇಲೆ ಕೈ ಇಟ್ಟು ಮುಗಿದ ಮೇಲೆ ಬಿಷಪ್ಪರು ಮೂರನೇ ಬೆಂಚಿನ ಕಡೆ ನೋಡಿದರು. ಅಪ್ಪ ತಲೆಯಾಡಿಸಿದ, "ರೈಟ್" ಅಂದು ಕೂತ. ಈ ಸಲ ಬಿಷಪ್ಪರೂ ನಕ್ಕರು.

ಭೋಜನಕ್ಕೆ ಮುಂಚೆ ಲೋಕಕ್ಕೋಸ್ಕರ ಬೇಡುವ ಪ್ರಾರ್ಥನೆ. ಪಾಸ್ಟರು ಅಪ್ಪನ ಕಡೆ ತಿರುಗಿದರು. ಅಪ್ಪನಿಗೆ ಏಳೋಕಾಗಲಿಲ್ಲ, ಉಸಿರು ಮೇಲೆ ಕೆಳಗೆ ಆಗ್ತಿತ್ತು. "ಕೂಸು ಹೇಳ್ಲಿ" ಅಂದ.

ಮಗಳು ಮುಂದೆ ಹೋಗಿ ನಿಂತಳು. ಹಿರಿಯೂರು ಬಸ್ ಸ್ಟ್ಯಾಂಡಿನಿಂದ ಹೊರಟಳು. ಎರಡು ಮೂರು ಊರು ಹಾರಿಸಿದಳು, ಅಪ್ಪ ಕೂತಲ್ಲಿಂದಲೇ ಪಿಸುದನಿಯಲ್ಲಿ ತಿದ್ದಿದ. ಐಮಂಗಲ, ದುರ್ಗ, ಹೊಳಲ್ಕೆರೆ. ಹೊರಕೆರೆದೇವಪುರಕ್ಕೆ ಬಸ್ಸು ಬದಲಾಯಿಸೋರನ್ನೂ ಮರೀಲಿಲ್ಲ. ಹೊಳಲ್ಕೆರೆ ದಾಟಿದಳು. ಅಲ್ಲಿ ಅಪ್ಪನ ಹಾಗೆಯೇ ನಿಂತಳು. ಒಂದು ಉಸಿರು, ಎರಡು ಉಸಿರು. ಹಿಂದಿನ ಬೆಂಚಿನ ಮಕ್ಕಳು ಹೊಸದುರ್ಗ ಅನ್ನೋಕೆ ಬಾಯಿ ತೆರೆದಿದ್ದರು.

"ಹೆಸರಿಲ್ಲದ ಸ್ಟಾಪಿನಲ್ಲಿ ಮಗು ಎತ್ಕೊಂಡು ನಿಂತಿರೋ ಅವ್ವನಿಗೋಸ್ಕರ" ಅಂದಳು. "ಆಕಾಶದಲ್ಲಿ ಯಾವುದಾದ್ರೂ ಲೋಕದಲ್ಲಿ ಹಂಗೇ ಕೈ ಎತ್ತಿ ನಿಂತಿರೋರು ಇದ್ರೆ, ಅವರಿಗೋಸ್ಕರ. ನಮಗೆ ಅವರ ಹೆಸರು ಗೊತ್ತಿಲ್ಲ, ಕರ್ತನೇ. ನೀನು ನಿಲ್ಸು."

ಹೊಸದುರ್ಗ ಹೇಳಿ ಮುಗಿಸಿದಳು. ಸಭೆಯಲ್ಲಿ ಮೊದಲ ಆಮೆನ್ ಯಾವಾಗಲೂ ಅಪ್ಪನದು, ಎಲ್ಲರೂ ಅದಕ್ಕೇ ಕಾಯ್ತಿದ್ದರು. ಅಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ. ಕನ್ನಡಕದ ಕೆಳಗಿಂದ ನೀರು ಇಳಿದು ಗದ್ದದಲ್ಲಿ ನಿಂತಿತ್ತು, ಒರೆಸಿಕೊಳ್ಳೋದೂ ಅವನಿಗೆ ನೆನಪಿರಲಿಲ್ಲ. ನಾನು ಎದ್ದು ನಿಂತು, ಅವನ ಪರವಾಗಿಯೂ ನನ್ನ ಪರವಾಗಿಯೂ, ಗಟ್ಟಿಯಾಗಿ ಆಮೆನ್ ಅಂದೆ.